ಲಾಕ್‌ಡೌನ್‌ನಲ್ಲಿ ಫೋನಿಗೆ ಹಾಡಿದ 61 ರಂಗಗೀತೆಗಳು: ಹೇಗೆ ಉಳಿಸಿಕೊಳ್ಳಲಿ?

ಪ್ರಶ್ನೆ ಕೇಳಿದವರು: ಪಾತ್ರದಾಕೆ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ಓದಿ ದಾರಿ ಹೇಳಿ.

ನಾನು ಬಳ್ಳಾರಿ ಕೌಲ್ ಬಜಾರಿನವಳು. 26 ವರ್ಷದಿಂದ ನಾಟಕದಲ್ಲಿ ಪಾತ್ರ ಮಾಡುತ್ತಿದ್ದೇನೆ. ಮೊದಲು ಮೂರು ವರ್ಷ ಕಂಪನಿಯಲ್ಲಿದ್ದೆ. ಆಮೇಲೆಲ್ಲ ಹಳ್ಳಿ ನಾಟಕಗಳೇ. ನಮ್ಮ ಕಡೆಯವರಿಗೆ ಇದು ಗೊತ್ತು. ಜಾತ್ರೆ ಬಂತೆಂದರೆ ಊರಿನ ಹುಡುಗರು ಒಂದು ಸಾಮಾಜಿಕ ನಾಟಕ ಕಟ್ಟುತ್ತಾರೆ. ಗಂಡು ಪಾತ್ರಗಳು ಅವರವೇ. ಹೆಣ್ಣು ಪಾತ್ರಕ್ಕೆ ನಮ್ಮನ್ನು ಕರೆಸುತ್ತಾರೆ. ಸಂಜೆ ಹೋಗುವುದು, ಪೇಟಿ (ಹಾರ್ಮೋನಿಯಂ) ಮಾಸ್ತರ ಜೊತೆ ಕೂತು ಹಾಡಿನ ಶ್ರುತಿ ನೋಡಿಕೊಳ್ಳುವುದು, ಬೆಳಗಿನ ತನಕ ಆಡುವುದು, ಮೊದಲ ಬಸ್ಸಿಗೆ ವಾಪಸ್. ಶಿವರಾತ್ರಿಯಿಂದ ಕಾರ ಹುಣ್ಣಿಮೆವರೆಗೆ ನಮಗೆ ಸುಗ್ಗಿ. ಆ ದುಡ್ಡಿನಲ್ಲೇ ವರ್ಷ ಕಳೆಯಬೇಕು.

2020ರ ಮಾರ್ಚ್ 25, ಯುಗಾದಿ. ಅವತ್ತೇ ದೇಶವೆಲ್ಲ ಬಂದ್ ಆಯಿತು. ಹಬ್ಬದಿಂದ ಬಸವ ಜಯಂತಿವರೆಗೆ ನನ್ನ ಡೈರಿಯಲ್ಲಿ 19 ತಾರೀಖು ಬರೆದಿದ್ದವು. ಒಂದೊಂದಾಗಿ ಫೋನ್ ಬಂತು. "ಅಕ್ಕಾರ, ಈ ವರ್ಷ ನಾಟಕ ಇಲ್ರೀ." ಕೆಲವರು ಅಡ್ವಾನ್ಸ್ ವಾಪಸ್ ಕೇಳಿದರು. ಅದು ಊರವರ ಚಂದಾ ದುಡ್ಡು, ಕೊಟ್ಟೆ.

ನಮ್ಮ ಪೇಟಿ ಮಾಸ್ತರು ಕುರುಗೋಡು ಕಡೆಯವರು. ನಾನು ಹಾಡು ಕಲಿತದ್ದು ಅವರಿಂದಲೇ. ಏಪ್ರಿಲ್‌ನಲ್ಲಿ ಒಂದು ದಿನ ಫೋನ್ ಮಾಡಿ ಹೇಳಿದರು. "ತಂಗಿ, ಸುಮ್ನೆ ಕುಂತ್ರ ಗಂಟಲಿಗೆ ತುಕ್ಕು ಹಿಡಿತೈತಿ. ದಿನಾ ಒಂದು ಹಾಡು ಹೇಳು, ನಾ ಕೇಳ್ತೀನಿ." ಆಗ ನನ್ನ ಹತ್ತಿರ ಇದ್ದದ್ದು ಬಟನ್ ಫೋನ್. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದು ಮಗನದು. ಆಮೇಲೆ ಅವನ ಆನ್‌ಲೈನ್ ಕ್ಲಾಸ್ ಶುರುವಾದಾಗ ಅದು ನನ್ನ ಕೈಗೆ ಸಿಗುತ್ತಿದ್ದದ್ದು ಮಧ್ಯಾಹ್ನ ಒಂದರ ಮೇಲೆ.

ಮೊದಲು ವಿಡಿಯೊ ಕಾಲ್‌ನಲ್ಲಿ ಪ್ರಯತ್ನ ಮಾಡಿದೆವು. ಅವರು ಪೇಟಿ ನುಡಿಸುವುದು, ನಾನು ಹಾಡುವುದು. ಆಗಲೇ ಇಲ್ಲ. ನನ್ನ ದನಿ ಅವರಿಗೆ ತಡವಾಗಿ ಮುಟ್ಟುತ್ತಿತ್ತು. ಅವರು ನನಗಾಗಿ ನಿಲ್ಲುವರು, ನಾನು ಅವರಿಗಾಗಿ ನಿಲ್ಲುವೆನು, ತಾಳ ಎತ್ತಲೋ ಹೋಗುವುದು. ಇನ್ನೂ ಬೇಜಾರಿನ ಮಾತೆಂದರೆ, ನಾನು ಹಾಡಲು ಶುರು ಮಾಡಿದ ಕೂಡಲೇ ಪೇಟಿಯ ಸದ್ದೇ ಮಾಯ. ಹಾಡು ನಿಲ್ಲಿಸಿದರೆ ಮತ್ತೆ ಕೇಳುವುದು. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಕೊನೆಗೆ ದಾರಿ ಹುಡುಕಿದ್ದು ಮಾಸ್ತರೇ. ಅವರಿಗೆ ಆಗ 67. ಪೇಟಿಯನ್ನು ಮೊದಲು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ನಾನು ಪಕ್ಕದ ಮನೆಯವರ ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಾ, ಮಗನ ಫೋನಿಗೆ ಹಾಡುತ್ತಿದ್ದೆ. ಎರಡನ್ನೂ ಕೂಡಿಸುವುದನ್ನು ಮಗ ಕಲಿತ. ಹೀಗೆ ಒಂದು ವರ್ಷದಲ್ಲಿ 61 ಹಾಡು ಆದವು. ಕಂದ, ಸೀಸದಂಥ ಪದ್ಯಗಳು, ಹಳೆಯ ಪೌರಾಣಿಕ ನಾಟಕದವು, ಸಾಮಾಜಿಕದವು. ಅದರಲ್ಲಿ ಹತ್ತು ಹನ್ನೆರಡು ಹಾಡು ಈಗ ಯಾರೂ ಹಾಡುವುದಿಲ್ಲ. ಮಾಸ್ತರ ಬಾಯಲ್ಲಿ ಮಾತ್ರ ಇದ್ದವು.

2020ರ ಜುಲೈನಲ್ಲಿ ರಂಗಗಾಯಕಿ ಸುಭದ್ರಮ್ಮ ಮನ್ಸೂರು ಅಮ್ಮನವರು ತೀರಿಕೊಂಡರು. ಬಳ್ಳಾರಿಯಲ್ಲಿ ಹಾಡುವ ಹೆಣ್ಣುಮಕ್ಕಳೆಲ್ಲ ಅವರ ದನಿ ಕೇಳಿಯೇ ಬೆಳೆದವರು. ಬೇರೆ ಕಾಲವಾಗಿದ್ದರೆ ರಾಘವ ಕಲಾಮಂದಿರದಲ್ಲಿ ಎಲ್ಲರೂ ಸೇರಿ ರಾತ್ರಿಯಿಡೀ ಹಾಡುತ್ತಿದ್ದೆವು. ಮನೆಯಲ್ಲೇ ಕೂತು ಅತ್ತೆ. ಅವತ್ತು ರಾತ್ರಿ ಹತ್ತಕ್ಕೆ ಮಾಸ್ತರು ಏನೂ ಹೇಳದೆ ಒಂದು ಪೇಟಿ ರೆಕಾರ್ಡಿಂಗ್ ಕಳಿಸಿದರು. ಅದಕ್ಕೆ ನಾನು ಹಾಡಿದೆ. ಅದು ನನ್ನ 23ನೇ ಹಾಡು. ಅಷ್ಟು ಚೆನ್ನಾಗಿ ನಾನು ವೇದಿಕೆ ಮೇಲೂ ಹಾಡಿಲ್ಲ.

ಮಾಸ್ತರು 2021ರ ಮೇ ತಿಂಗಳಲ್ಲಿ ಹೋದರು. ಕೋವಿಡ್. ಮಣ್ಣಿಗೂ ಹೋಗಲು ಆಗಲಿಲ್ಲ.

ಈಗ ನನ್ನ ಪ್ರಶ್ನೆ. ಆ 61 ಹಾಡುಗಳು ಇದ್ದ ಮಗನ ಫೋನ್ 2022ರಲ್ಲಿ ಕೆಳಗೆ ಬಿದ್ದು ಟಚ್ ಹೋಯಿತು. ಪರದೆ ಬೆಳಗುತ್ತದೆ, ಬೆರಳಿಗೆ ಸ್ಪಂದಿಸುವುದಿಲ್ಲ. ಒಂದು ಅಂಗಡಿಯವರು "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು" ಅಂದರು. ಹೆದರಿ ವಾಪಸ್ ತಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ವಾಟ್ಸಾಪ್ ಗುಂಪಿನಲ್ಲಿ ಕೆಲವು ಹಾಡು ಸಿಗುತ್ತವೆ, ಆದರೆ ದನಿ ತಗಡಿನ ಡಬ್ಬಿಯಲ್ಲಿ ಹಾಡಿದಂತಿದೆ. ಇವನ್ನು ಹೇಗೆ ಹೊರಗೆ ತೆಗೆಯಲಿ? ದನಿ ಸುಧಾರಿಸಬಹುದಾ?

ಯೂಟ್ಯೂಬ್‌ಗೆ ಹಾಕು ಅಂತ ಎಲ್ಲರೂ ಹೇಳುತ್ತಾರೆ. 2021ರಲ್ಲಿ ಒಂದು ಹಾಡು ಹಾಕಿ, ಕೆಳಗೆ ನನ್ನ ನಂಬರ್ ಬರೆದಿದ್ದೆ, ಯಾರಾದರೂ ನಾಟಕಕ್ಕೆ ಕರೆಯಲಿ ಅಂತ. ರಾತ್ರಿ ಹನ್ನೆರಡಕ್ಕೆ, ಒಂದಕ್ಕೆ ಫೋನು. ನಾಟಕದವಳು ಅಂದ ಕೂಡಲೇ ಏನು ಬೇಕಾದರೂ ಕೇಳಬಹುದು ಅಂದುಕೊಳ್ಳುವ ಜನ. ಮೂರನೇ ದಿನ ತೆಗೆದುಬಿಟ್ಟೆ. ಆದರೆ ಈಗ ನಾಟಕ ಕಮಿಟಿಯವರು ಬರುವ ಮೊದಲೇ "ಅಕ್ಕಾರ, ನಿಮ್ಮ ವಿಡಿಯೊ ಕಳಿಸ್ರಿ" ಅನ್ನುತ್ತಾರೆ. ಮೊದಲು ಬಾಯಿಂದ ಬಾಯಿಗೆ ಹೆಸರು ಹೋಗುತ್ತಿತ್ತು. ಈಗ ಫೋನ್‌ನಲ್ಲಿ ಇಲ್ಲದಿದ್ದರೆ ಇಲ್ಲವೇ ಇಲ್ಲ.

ಆ ಎರಡು ವರ್ಷದಲ್ಲಿ ನನ್ನ ಹಾಗೆ ಬೇರೆ ಹೆಣ್ಣುಮಕ್ಕಳೂ ಫೋನ್ ಹಿಡಿದು ಏನೇನೋ ಕಲಿತಿರುತ್ತೀರಿ. ಹಾಡುವವರು, ಬಿಡಿಸುವವರು, ಹೊಲಿಯುವವರು, ಯಾರೇ ಆಗಲಿ. ನೀವು ಏನು ಮಾಡಿದಿರಿ? ಅದರಲ್ಲಿ ಯಾವುದು ಉಳಿಯಿತು?

ಸಿಂಧನೂರು_ಸೌಂಡ್ ಅವರ ಉತ್ತರ

ಅಕ್ಕಾ, ಮೊದಲು ಒಂದು ಮಾತು. ಆ ಫೋನನ್ನು ಯಾರ ಕೈಗೂ ರಿಸೆಟ್ ಮಾಡಲು ಕೊಡಬೇಡಿ. ಫ್ಲ್ಯಾಶ್ ಮಾಡುತ್ತೇವೆ, ಅಂದರೆ ಸಾಫ್ಟ್‌ವೇರ್ ಹೊಸದಾಗಿ ಹಾಕುತ್ತೇವೆ ಅಂದರೂ ಬೇಡ. ಪರದೆ ಬೆಳಗುತ್ತಿದೆ ಅಂದರೆ ಒಳಗಿನದು ಇನ್ನೂ ಇದೆ. ಒಂದು ಓಟಿಜಿ ಕೇಬಲ್ ತೆಗೆದುಕೊಳ್ಳಿ, ಹೆಚ್ಚು ಬೆಲೆಯದಲ್ಲ. ಅದಕ್ಕೆ ಕಂಪ್ಯೂಟರಿನ ಮೌಸ್ ಚುಚ್ಚಿ, ಫೋನಿಗೆ ಸೇರಿಸಿ. ಪರದೆ ಮೇಲೆ ಬಾಣದ ಗುರುತು ಬರುತ್ತದೆ. ಬೆರಳಿನ ಕೆಲಸ ಮೌಸ್ ಮಾಡುತ್ತದೆ. ಲಾಕ್ ಪ್ಯಾಟರ್ನ್ ಕೂಡ ಮೌಸ್‌ನಿಂದಲೇ ಎಳೆಯಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಹಾಕಬೇಡಿ, ಮೊದಲು ಬ್ಯಾಟರಿ ಬದಲಿಸಿ.

ಒಳಗೆ ಹೋದ ಮೇಲೆ ಎರಡು ಕಡೆ ಹುಡುಕಿ. ಫೋನಿನ ರೆಕಾರ್ಡರ್ ಆ್ಯಪ್‌ನ ಫೋಲ್ಡರ್ ಒಂದು. ಅಲ್ಲಿರುವುದೇ ಅಸಲಿ. ಇನ್ನೊಂದು ವಾಟ್ಸಾಪ್‌ನ ಮೀಡಿಯಾ ಫೋಲ್ಡರ್. ಅದರೊಳಗೆ ವಾಯ್ಸ್ ನೋಟ್ಸ್ ಅಂತ ಇರುತ್ತದೆ, ವಾರ ವಾರದ ಲೆಕ್ಕದಲ್ಲಿ ಬೇರೆ ಬೇರೆ ಫೋಲ್ಡರ್. ಮೈಕ್ ಗುರುತು ಒತ್ತಿ ಹಿಡಿದು ಹಾಡಿದರೆ ಅದು ಮಾತಿಗಾಗಿ ಮಾಡಿದ ಸಣ್ಣ ಫೈಲ್ ಆಗುತ್ತದೆ. ಅದಕ್ಕೇ ನಿಮಗೆ ತಗಡಿನ ಡಬ್ಬಿ ಅನಿಸಿದ್ದು. ಇನ್ನು ಮುಂದೆ ಹಾಡು ಕಳಿಸುವಾಗ ರೆಕಾರ್ಡರ್‌ನಲ್ಲಿ ಹಾಡಿ, ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿ. ಆಗ ಇದ್ದದ್ದು ಇದ್ದಂತೆ ಹೋಗುತ್ತದೆ.

ಪೇಟಿ ಮಾಯವಾದದ್ದು ನಿಮ್ಮ ತಪ್ಪಲ್ಲ, ಮಾಸ್ತರ ತಪ್ಪೂ ಅಲ್ಲ. ವಿಡಿಯೊ ಕಾಲ್ ಆ್ಯಪ್ ಕಟ್ಟಿದವರು ಮನುಷ್ಯರ ಮಾತನ್ನು ಮನಸ್ಸಿನಲ್ಲಿಟ್ಟು ಅದನ್ನು ಮಾಡಿದ್ದಾರೆ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನಿನ ಸದ್ದು ಅಂತ ತಿಳಿದು ಒರೆಸಿಹಾಕುತ್ತದೆ. ಪೇಟಿಯ ಶ್ರುತಿ ಒಂದೇ ಸಮನೆ ಬರುತ್ತದೆ ಅಲ್ವಾ? ಜೊತೆಗೆ ಎರಡೂ ಕಡೆ ಒಟ್ಟಿಗೆ ಸದ್ದು ಬಂದರೆ ಒಂದನ್ನು ತಗ್ಗಿಸುತ್ತದೆ, ಮಾತು ಗೋಜಲಾಗಬಾರದು ಅಂತ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಪೇಟಿ, ತಬಲಾ ಕೇಳುತ್ತವೆ. ಆದರೆ ತಡ ಮಾತ್ರ ತಪ್ಪುವುದಿಲ್ಲ. ಎರಡು ಊರಲ್ಲಿ ಕೂತು ಒಂದೇ ತಾಳದಲ್ಲಿ ಹಾಡಲು ಫೋನ್ ಬಿಡುವುದಿಲ್ಲ. ನಿಮ್ಮ ಮಾಸ್ತರು ಹುಡುಕಿದ ದಾರಿ ಇದೆಯಲ್ಲ, ಮೊದಲು ಪೇಟಿ, ಅದರ ಮೇಲೆ ಹಾಡು, ದೊಡ್ಡ ಸ್ಟುಡಿಯೊಗಳಲ್ಲೂ ಅದನ್ನೇ ಮಾಡುತ್ತಾರೆ. 67ನೇ ವಯಸ್ಸಿನಲ್ಲಿ ಯಾರೂ ಹೇಳಿಕೊಡದೆ ಅವರು ಅದನ್ನು ಕಂಡುಕೊಂಡರು ಅಂದರೆ, ಅವರ ಕಿವಿ ಎಂಥದ್ದು ಅಂತ ನನಗೆ ಗೊತ್ತಾಗುತ್ತದೆ.

ನಾನು ಮೊದಲು ಅಣ್ಣನ ಜೊತೆ ಮದುವೆ ವಿಡಿಯೊ ಕೆಲಸ ಮಾಡುತ್ತಿದ್ದೆ. ಲಾಕ್‌ಡೌನ್‌ನಲ್ಲಿ ಮದುವೆಯೇ ಇಲ್ಲ. ಆಗ ಕೂತು ಸೌಂಡ್ ಎಡಿಟಿಂಗ್ ಕಲಿತೆ. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲೇ ಕಲಿತದ್ದು. ಮೇ ತಿಂಗಳ ಬಿಸಿಲಿಗೆ ಫೋನ್ ಕಾದು ತಾನೇ ಬಂದ್ ಆಗುತ್ತಿತ್ತು. ಹಸಿ ಬಟ್ಟೆ ಸುತ್ತಬೇಡಿ, ಅದನ್ನು ನಾನು ಮಾಡಿ ಒಂದು ಫೋನ್ ಕಳೆದುಕೊಂಡೆ. ಕವರ್ ತೆಗೆದು ನೆರಳಲ್ಲಿ ಇಟ್ಟರೆ ಸಾಕು. ಇವತ್ತು ಅಣ್ಣ ಕ್ಯಾಮೆರಾ ನೋಡುತ್ತಾನೆ, ಸೌಂಡ್ ಪೂರ್ತಿ ನನ್ನದು.

ದನಿ ಸುಧಾರಿಸುವ ವಿಚಾರ. ಸ್ವಲ್ಪ ಆಗುತ್ತದೆ, ಪೂರ್ತಿ ಆಗುವುದಿಲ್ಲ. ಒಂದು ಬಟನ್ ಒತ್ತಿದರೆ ಗಲಾಟೆ ಹೋಗುತ್ತದೆ ಅನ್ನುವ ಆ್ಯಪ್‌ಗಳನ್ನು ನಂಬಬೇಡಿ. ಅವು ವಿಡಿಯೊ ಕಾಲ್ ಮಾಡಿದ್ದನ್ನೇ ಮಾಡುತ್ತವೆ, ಪೇಟಿಯನ್ನು ತಿಂದುಹಾಕುತ್ತವೆ. ಅಸಲಿ ಫೈಲನ್ನು ಮುಟ್ಟದೆ ಒಂದು ಕಡೆ ಇಡಿ. ನಕಲಿನ ಮೇಲೆ ಕೆಲಸ ಮಾಡೋಣ.

ಇನ್ನೊಂದು. ಪೇಟಿಯನ್ನು ಮಾಸ್ತರು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು ಅಂದಿರಿ. ಹಾಗಾದರೆ ಪೇಟಿಯ ಅಸಲಿ ಇರುವುದು ಅಲ್ಲಿ. ಆ ಫೋನ್ ಈಗ ಎಲ್ಲಿದೆ? ಅವರ ಮನೆಯವರನ್ನು ಕೇಳಿದ್ದೀರಾ? ಯೂಟ್ಯೂಬ್‌ಗೆ ಹಾಕುವ ಮೊದಲು ಹೇಗೂ ಕೇಳಬೇಕು. ಹಾಡಿದವರಿಗೂ ನುಡಿಸಿದವರಿಗೂ ಕಾನೂನಿನಲ್ಲಿ ಹಕ್ಕಿದೆ, 50 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಸಿನಿಮಾ ಮಟ್ಟಿನಲ್ಲಿ ಕಟ್ಟಿದ ಹಾಡಿದ್ದರೆ ಯೂಟ್ಯೂಬ್ ತಾನೇ ಹಿಡಿದು ನೋಟಿಸ್ ಹಾಕುತ್ತದೆ. ಹೆದರಬೇಡಿ, ಸಾಮಾನ್ಯವಾಗಿ ಆ ಹಾಡಿನ ದುಡ್ಡು ಅವರಿಗೆ ಹೋಗುತ್ತದೆ, ಅಷ್ಟೇ.

ಕಿನ್ನಾಳದ_ಬಣ್ಣ ಅವರ ಉತ್ತರ

ಅಕ್ಕ, ನಿಮ್ಮ 23ನೇ ಹಾಡಿನ ಮಾತು ಓದಿ ತಡೆಯಲು ಆಗಲಿಲ್ಲ. ಹಾಡಿನ ವಿಚಾರ ನನಗೆ ಗೊತ್ತಿಲ್ಲ. ನೀವು ಕೊನೆಗೆ ಕೇಳಿದ್ದಕ್ಕೆ ಮಾತ್ರ ಹೇಳುತ್ತೇನೆ.

ನಾನು ಕೊಪ್ಪಳ ಹತ್ತಿರದ ಕಿನ್ನಾಳದವಳು. ಮರದ ಗೊಂಬೆ ಮಾಡುವ ಮನೆತನ. ಕೆತ್ತುವುದು ಗಂಡಸರು. ಆಮೇಲಿನ ಕೆಲಸದಲ್ಲಿ ಬಹಳ ಪಾಲು ನಮ್ಮದು. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿ ಅಂಟು ಮಾಡುವುದು. ಸೆಣಬಿನ ಚೂರು, ಕಟ್ಟಿಗೆ ಪುಡಿ ಕಲಸಿ ಕಿಟ್ಟ ಮಾಡುವುದು. ಕೈಕಾಲು ಜೋಡಿಸಿದ ಸಂದಿಗೆ ಅದನ್ನು ತುಂಬಿ ನುಣುಪು ಮಾಡುವುದು. ಆಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ, ಆಮೇಲೆ ಬಣ್ಣ. ಕಣ್ಣು ಬರೆಯುವುದು ಕೊನೆಗೆ. ನಮ್ಮ ಮನೆಯಲ್ಲಿ ಕಣ್ಣು ಬರೆಯುವವಳು ನಾನು. ಆದರೆ ಮೇಳಕ್ಕೆ ಹೋಗುವುದು, ಗಿರಾಕಿ ಜೊತೆ ಮಾತಾಡುವುದು, ಬಿಲ್ಲಿನಲ್ಲಿ ಹೆಸರು ಬರೆಸುವುದು ಎಲ್ಲ ಗಂಡಸರು.

2020ರಲ್ಲಿ ಮೇಳ ನಿಂತವು. ಹೊಳಪು ಒಣಗಿದ ಗರುಡ, ಕಾಮಧೇನು ಗೊಂಬೆಗಳು ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು. ಮಗಳು ಪಿಯುಸಿ ಓದುತ್ತಿದ್ದಳು. ಅವಳೇ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದಳು. ಎರಡನೇ ವಾರಕ್ಕೆ ಬೆಂಗಳೂರಿನ ಒಬ್ಬರು ಗೌರಿ ಕೇಳಿದರು. ಕಳಿಸಿದೆವು. ಅವರಿಂದ ಫೋನ್ ಬಂತು, "ಫೋಟೊದಲ್ಲಿ ಕುಂಕುಮದ ಕೆಂಪು ಇತ್ತು, ಬಂದದ್ದು ಇಟ್ಟಿಗೆ ಬಣ್ಣ." ನಾವು ಬಣ್ಣ ಬದಲಿಸಿಲ್ಲ! ಮಗಳು ಸಂಜೆ ಟ್ಯೂಬ್‌ಲೈಟಿನಲ್ಲಿ ತೆಗೆದಿದ್ದಳು, ಫೋನ್ ತಾನೇ ಬಣ್ಣ ಏರಿಸಿತ್ತು. ಅಂದಿನಿಂದ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಕಟ್ಟೆಯ ನೆರಳಲ್ಲಿ ತೆಗೆಯುತ್ತೇವೆ. ಹಿಂದೆ ಬಿಳಿ ಧೋತರ ಕಟ್ಟುತ್ತೇವೆ. ಫಿಲ್ಟರ್ ಇಲ್ಲ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆದ ಇನ್ನೊಂದು ಫೋಟೊ ಕಳಿಸುತ್ತೇವೆ. ಹಾಳೆ ಬೆಳ್ಳಗೆ ಕಂಡರೆ ಬಣ್ಣವೂ ಸರಿ ಇದೆ ಅಂತ ಲೆಕ್ಕ.

ಮುರಿದು ಹೋದ ಗೊಂಬೆಗಳ ಕತೆ ಬೇರೆ. ಗರುಡನ ಮೂಗು ಎರಡು ಸಲ ಮುರಿಯಿತು. ಈಗ ಗೊಂಬೆಗೆ ಮೊದಲು ಹಳೆ ಸೀರೆ, ಆಮೇಲೆ ಹುಲ್ಲು, ಆಮೇಲೆ ಡಬ್ಬಿ.

ನನಗೆ ಉಳಿದದ್ದು ಏನು ಅಂದರೆ, ಒಂದು ವಿಡಿಯೊ. ಮಗಳು ಸುಮ್ನೆ ತೆಗೆದದ್ದು. ನಾನು ಗೌರಿಗೆ ಕಣ್ಣು ಬರೆಯುತ್ತಿದ್ದೇನೆ. ಎಡಗಣ್ಣು ಮುಗಿಸಿ ಬಲಗಣ್ಣಿಗೆ ಬರುವವರೆಗೆ ಉಸಿರು ಹಿಡಿಯುತ್ತೇನೆ, ಅದು ನನಗೇ ಗೊತ್ತಿರಲಿಲ್ಲ. ವಿಡಿಯೊ ನೋಡಿ ತಿಳಿಯಿತು. ಅದನ್ನು ನೋಡಿದವರು "ಇದನ್ನು ಬರೆದವರ ಜೊತೆ ಮಾತಾಡಬೇಕು" ಅಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿ ನನ್ನನ್ನು ಕೇಳಿದ್ದು. ಅವತ್ತು ನನ್ನ ಹೆಸರಿನ ಬ್ಯಾಂಕ್ ಖಾತೆಗೆ ಫೋನ್‌ಪೇ ಜೋಡಿಸಿಕೊಂಡೆ. ನಂಬರ್ ನನ್ನದು, ಪಿನ್ ನನ್ನದು. ಮನೆಯಲ್ಲಿ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಸರಿಹೋಯಿತು.

ಮೇಳ ಮತ್ತೆ ಶುರುವಾಗಿವೆ, ಗಂಡಸರು ಹೋಗುತ್ತಾರೆ. ಫೋನಿನ ಗಿರಾಕಿ ಮಾತ್ರ ನನ್ನವರು. ದೊಡ್ಡ ವ್ಯಾಪಾರ ಏನಲ್ಲ, ತಿಂಗಳಿಗೆ ನಾಲ್ಕೋ ಐದೋ ಗೊಂಬೆ.

ನೀವು ನಂಬರ್ ಹಾಕಿ ಕಷ್ಟಪಟ್ಟದ್ದು ನನಗೂ ಆಗಿದೆ. ಬೇರೆ ಸಿಮ್ ತೆಗೆದುಕೊಳ್ಳಿ. ಅದಕ್ಕೆ ವಾಟ್ಸಾಪ್ ಬಿಸಿನೆಸ್ ಹಾಕಿ. ರಾತ್ರಿ ಎಂಟಕ್ಕೆ ಆ ಸಿಮ್ ಬಂದ್. ಯೂಟ್ಯೂಬ್‌ನಲ್ಲಿ ಕಾಮೆಂಟ್‌ಗಳನ್ನು ನೀವು ನೋಡಿ ಬಿಟ್ಟ ಮೇಲೆ ಮಾತ್ರ ಕಾಣುವಂತೆ ಇಡಬಹುದು. ದುಡ್ಡು ಕಳಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅದು ಮೋಸ. ದುಡ್ಡು ಬರಲು ಪಿನ್ ಬೇಕಿಲ್ಲ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಂಡೂರಿನ_ಸೂಜಿ ಅವರ ಉತ್ತರ

ನಾನು ಸಂಡೂರು ತಾಲ್ಲೂಕಿನ ತಾಂಡಾದವಳು, ಲಂಬಾಣಿ ಕಸೂತಿ ಮಾಡುತ್ತೇನೆ. ಫೋಟೊ ತೆಗೆಯುವಾಗ ನಮ್ಮ ಕಷ್ಟ ಕನ್ನಡಿಯದು. ಒಂದೊಂದು ಕನ್ನಡಿಯೂ ಬೆಳಕು ಹೊಡೆಯುತ್ತದೆ, ಫೋನ್ ಹೆದರಿ ಬಟ್ಟೆಯನ್ನೆಲ್ಲ ಕಪ್ಪು ಮಾಡುತ್ತದೆ. ನೆರಳಲ್ಲಿ ಹಾಸಿ, ಫೋನಿನ ಪರದೆಯಲ್ಲಿ ಕಾಣುವ ಬಟ್ಟೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಅಲ್ಲೇ ನಿಲ್ಲುತ್ತದೆ. ಇದನ್ನು ಕಲಿಯಲು ನನಗೆ ಒಂದು ಲಾಕ್‌ಡೌನ್ ಪೂರ್ತಿ ಬೇಕಾಯಿತು.

ನಾನು ಹೇಳಬೇಕಾದ್ದು ಹೆಸರಿನ ಮಾತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ಆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ತುಂಡುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ನಮಗೆಲ್ಲ ಎಷ್ಟು ಹೆಮ್ಮೆ ಅಂತ ಹೇಳಲಾರೆ. ಆದರೆ ಫೋಟೊ ನೋಡಿದರೆ ಯಾವ ಹೊಲಿಗೆ ಯಾರದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಅದಕ್ಕೇ ನಾನು ಪ್ರತಿ ಫೋಟೊಗೂ ಹೊಲಿದವಳ ಹೆಸರು, ತಾಂಡಾ, ಮುಗಿಸಿದ ತಿಂಗಳು ಬರೆದು ಇಡುತ್ತೇನೆ.

ನಮ್ಮ ತಾಲ್ಲೂಕಿನ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆಯ 12 ಕಾವ್ಯ ಅವರ ನಾಲಗೆ ಮೇಲೆ ಇದ್ದವು. 2014ರಲ್ಲಿ ಅವರು ಹೋದರು. ಆ ಕಾವ್ಯ ಇವತ್ತು ಓದಲು ಸಿಗುತ್ತಿದ್ದರೆ, ಅವರು ಇದ್ದಾಗಲೇ ಬೇರೆಯವರು ಕೂತು ಕೇಳಿ ಬರೆದುಕೊಂಡದ್ದರಿಂದ. ನಿಮ್ಮ 61 ಹಾಡಿಗೂ ಹಾಡಿದವರು ಯಾರು, ನುಡಿಸಿದವರು ಯಾರು, ಯಾವ ನಾಟಕದ್ದು, ಯಾರಿಂದ ಕಲಿತದ್ದು, ಎಲ್ಲಾ ಬರೆಯಿರಿ. ಫೈಲಿನ ಹೆಸರಿನಲ್ಲೇ ಬರೆಯಿರಿ, ಆಗ ಕಳಚಿ ಹೋಗುವುದಿಲ್ಲ.

ಪಾತ್ರದಾಕೆ_ಬಳ್ಳಾರಿ (ಕೇಳಿದವರು)

ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. ಸಂಡೂರಿನ ತಂಗಿ ಹೆಸರಿನ ಮಾತು ಎತ್ತಿದ್ದಕ್ಕೆ ಇದನ್ನು ಹೇಳುತ್ತೇನೆ. 2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ಘೋಷಿಸಿತಲ್ಲ, ಅದಕ್ಕೆ ಅರ್ಜಿ ಹಾಕಲು ಹಳೆ ಹ್ಯಾಂಡ್‌ಬಿಲ್ ಎಲ್ಲಾ ಹರಡಿಕೊಂಡು ಕೂತೆ. ನಾಟಕ ಬರೆದವರ ಹೆಸರು ಇದೆ, ಪೇಟಿ ಮಾಸ್ತರ ಹೆಸರು ಇದೆ, ಸೀನರಿ ಕೊಟ್ಟವರ ಹೆಸರು ಇದೆ, ಚಂದಾ ಕೊಟ್ಟವರ ಹೆಸರು ಇದೆ. ನನ್ನ ಜಾಗದಲ್ಲಿ "ಸ್ತ್ರೀ ಪಾತ್ರಗಳು: ಬಳ್ಳಾರಿ ಕಲಾವಿದೆಯರಿಂದ". ಎಷ್ಟೋ ಊರಿನದು ಹೀಗೇ. ವೇದಿಕೆಯಲ್ಲಿ ಒನ್ಸ್ ಮೋರ್ ಅಂತ ಕೂಗಿದ್ದಾರೆ, ಆಯೇರಿ (ಮೆಚ್ಚುಗೆಯ ಕಾಣಿಕೆ) ಮಾಡಿದ್ದಾರೆ, ಮೈಕಿನಲ್ಲಿ ಆಯೇರಿ ಕೊಟ್ಟವರ ಹೆಸರು ಕೂಗಿದ್ದಾರೆ. ನನ್ನ ಹೆಸರು ಕಾಗದದ ಮೇಲೆ ಎಲ್ಲಿದೆ ಅಂತ ಹುಡುಕಿದ್ದು ಅವತ್ತೇ.

ಅದೇ ವರ್ಷ ನವೆಂಬರ್‌ನಲ್ಲಿ ಜೋಗತಿ ನೃತ್ಯದ ನಮ್ಮ ಮಂಜಮ್ಮ ಜೋಗತಿ ಅಮ್ಮ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಆ ವಿಡಿಯೊ ನಮ್ಮ ಓಣಿಯ ಎಲ್ಲರ ಫೋನಿನಲ್ಲೂ ಓಡಾಡಿತು. ಆಟ ಆಡುವವರನ್ನು ಕಂಡರೆ ಬಾಗಿಲು ಹಾಕುತ್ತಿದ್ದ ಮನೆಯ ಹೆಂಗಸೊಬ್ಬರು ಅದನ್ನು ನನಗೇ ತೋರಿಸಿ, "ನಿಮ್ಮವರಲ್ಲೇನ್ರಿ?" ಅಂದರು. ಹೌದು ಅಂದೆ. ಫೋನ್ ಬಗ್ಗೆ ನನಗಿದ್ದ ಹೆದರಿಕೆ ಅವತ್ತು ಸ್ವಲ್ಪ ಕಡಿಮೆಯಾಯಿತು.

ಸಿಂಧನೂರಿನ ತಂಗಿ, ಮಾಸ್ತರ ಫೋನ್ ನೆನಪೇ ಆಗಿರಲಿಲ್ಲ ನನಗೆ. ಈ ವಾರ ಕುರುಗೋಡಿಗೆ ಹೋಗಿ ಬಂದು ಬರೆಯುತ್ತೇನೆ.

ಪಾತ್ರದಾಕೆ_ಬಳ್ಳಾರಿ (ಎಂಟು ದಿನದ ಮೇಲೆ)

ಮೌಸ್ ಕೆಲಸ ಮಾಡಿತು. ಮಗ ಮೊದಲ ಸಲ ಬಾಣದ ಗುರುತು ಕಂಡಾಗ ಕೂಗಿಬಿಟ್ಟ. ರೆಕಾರ್ಡರ್ ಫೋಲ್ಡರ್‌ನಲ್ಲಿ 44 ಹಾಡು ಸಿಕ್ಕವು, ಅಸಲಿ. ಇನ್ನೂ ಒಂಬತ್ತು ವಾಟ್ಸಾಪ್ ಒಳಗಿವೆ. ಎಂಟು ಎಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಮಾಡಿದ್ದೇವೆ. ಗಾಡಿ ಓಡಾಡದ ದಿನಗಳಲ್ಲಿ ಹಾಡಿದ್ದು ನೋಡಿ, ಹಿಂದೆ ಗುಬ್ಬಿ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಓಣಿಯಲ್ಲಿ ಈಗ ಅಷ್ಟು ಸದ್ದಿಲ್ಲದ ಹೊತ್ತೇ ಇಲ್ಲ.

ಮಾಸ್ತರ ಮನೆಗೆ ಹೋದೆ. ನಾಲ್ಕು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದು. ಫೋನ್ ಮೊಮ್ಮಗನ ಕೈಯಲ್ಲಿ ಒಂದು ವರ್ಷ ಆಟಕ್ಕಿದ್ದು, ಆಮೇಲೆ ಕೆಟ್ಟು ಹೋಗಿ ಗುಜರಿಗೆ ಹೋಗಿದೆ. ನನ್ನ ಎದೆ ಒಡೆದ ಹಾಗಾಯಿತು. ಆದರೆ ಮಾಸ್ತರ ಹೆಂಡತಿ ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದರು. ಅದರೊಳಗೆ ಮೆಮೊರಿ ಕಾರ್ಡ್ ಇತ್ತು. ಫೋನ್ ಮಾರುವಾಗ ಹುಡುಗನಿಂದ ತೆಗೆಸಿ ಇಟ್ಟುಕೊಂಡಿದ್ದರಂತೆ. "ಇದ್ರಾಗ ಅವರು ಅದಾರ ಅಂತ ಗೊತ್ತಿತ್ತು. ಹೆಂಗ ಕೇಳಬೇಕು ಅಂತ ಗೊತ್ತಿರಲಿಲ್ಲ" ಅಂದರು.

ನನ್ನ ಫೋನಿಗೆ ಆ ಕಾರ್ಡ್ ಹಾಕಿದೆವು. 61ರದ್ದೂ ಪೇಟಿ ಇದೆ. ಕಳೆದುಹೋದ ಎಂಟು ಹಾಡನ್ನು ಅವರ ಪೇಟಿ ಮೇಲೆ ಮತ್ತೆ ಹಾಡಬಹುದು. ಇಷ್ಟೇ ಅಲ್ಲ, ನನಗೆ ಕಳಿಸದೇ ಉಳಿದ ಮೂರು ಪೇಟಿ ರೆಕಾರ್ಡಿಂಗ್ ಇವೆ. ಕೊನೆಯದರ ತಾರೀಖು 2021ರ ಏಪ್ರಿಲ್. ಯಾವ ಹಾಡು ಅಂತ ಒಂದು ಗೊತ್ತಾಯಿತು. ಇನ್ನೆರಡು ಗೊತ್ತಾಗಲಿಲ್ಲ. ಹಳೆ ಕಲಾವಿದೆಯರಿಗೆ ಕೇಳಿಸಿ ಕೇಳಬೇಕು.

ಮಾಸ್ತರ ಹೆಂಡತಿ ಯೂಟ್ಯೂಬ್‌ಗೆ ಹಾಕಲು ಒಪ್ಪಿದರು. ಪೇಟಿ ಅಂತ ಬರೆದು ಮಾಸ್ತರ ಪೂರ್ತಿ ಹೆಸರು ಹಾಕು, ಊರು ಹಾಕು, ಹಾಡು ಅಂತ ನಿನ್ನ ಪೂರ್ತಿ ಹೆಸರು ಹಾಕು ಅಂದರು. ಬಂದ ದುಡ್ಡಿನಲ್ಲಿ ಅರ್ಧ ಅವರಿಗೆ ಅಂತ ನಾನೇ ಹೇಳಿದೆ. ಸಾವಿರ ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ 4,000 ಗಂಟೆ ನೋಡಿದರೆ ಜಾಹೀರಾತಿನ ದುಡ್ಡು ಶುರು ಅಂತ ಮಗ ಹೇಳಿದ್ದಾನೆ, ಅದು ದೂರದ ಮಾತು. ಇರಲಿ. ಹೊಸ ಸಿಮ್ ತೆಗೆದುಕೊಂಡೆ, ನನ್ನ ಆಧಾರಿಗೆ. ಚಾನೆಲ್ ಕೂಡ ನನ್ನ ಮೇಲ್‌ನಲ್ಲಿ ಮಾಡಿಕೊಂಡಿದ್ದೇನೆ, ಮಗನದರಲ್ಲಿ ಅಲ್ಲ. ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಟ್ಟಿದ್ದೇನೆ, 2020ರ ಅದೇ ಡೈರಿ.

ಒಂದು ವಿಷಯ ಉಳಿಯಿತು. 17ನೇ ಹಾಡಿನ ಪೇಟಿಯಲ್ಲಿ, ಎರಡನೇ ನುಡಿ ಶುರುವಾಗುವ ಮೊದಲು ಮಾಸ್ತರು ಒಂದು ಸಲ ಕೆಮ್ಮುತ್ತಾರೆ. ಬೀಡಿ ಕೆಮ್ಮು, ಮೊದಲಿನಿಂದಲೂ ಇದ್ದದ್ದು. ಅದನ್ನು ಕೇಳಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಇದನ್ನ ತೆಗಿಬ್ಯಾಡವ್ವ" ಅಂದರು. ಸಿಂಧನೂರಿನ ತಂಗಿ, ಫ್ಯಾನಿನ ಸದ್ದು ತಗ್ಗಿಸುವಾಗ ಆ ಕೆಮ್ಮು ಹೋಗದಂತೆ ಮಾಡಲು ಆಗುತ್ತದಾ?

ಸಿಂಧನೂರು_ಸೌಂಡ್

ಆಗುತ್ತದೆ ಅಕ್ಕಾ. ಆ ಜಾಗವನ್ನು ಗುರುತು ಮಾಡಿ ಮುಟ್ಟದೆ ಬಿಡುತ್ತೇನೆ. ಕಾರ್ಡ್ ಯಾರ ಕೈಲೂ ಕಳಿಸಬೇಡಿ, ನೀವೇ ತನ್ನಿ. ಭಾನುವಾರ ಮದುವೆ ಕೆಲಸ ಇಲ್ಲ. ಬೆಳಗಿನ ಬಸ್ಸಿಗೆ ಬನ್ನಿ, ಆ ಎಂಟು ಹಾಡನ್ನೂ ಇಲ್ಲೇ ಹಾಡಿಬಿಡಿ. ದುಡ್ಡಿನ ಮಾತು ಎತ್ತಬೇಡಿ.